ಗೋಡೆ ಕಡೆ ಮುಖ ಮಾಡಿ ಕೂತ ಹುಡುಗ

ದ್ಯಾವಪ್ಪ ಮೇಷ್ಟ್ರ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದು ಬೇಸಿಗೆ ಶಿಬಿರ ನಡೆಸಲು ಹೊರಟಿರುವ ಎಳೆಯ ಮೇಷ್ಟ್ರುಗಳು ಕೇಳಿ ಎರಡು ತಿಂಗಳಾಯಿತು. ನಾನು ಬರೆಯಲು ಕೂತಿರುವುದು ಇದು ಐದನೆಯ ಸಲ. ಮೊದಲನೆಯದರಲ್ಲಿ ಅವರು ದೇವರಾಗಿಬಿಟ್ಟಿದ್ದರು. ಎರಡನೆಯದರಲ್ಲಿ ನಾನು ತೀರಾ ಒಳ್ಳೆಯವನಾಗಿದ್ದೆ. ಮೂರನೆಯದು ಇಲಾಖೆಗೆ ಬರೆದ ವರದಿಯ ಹಾಗಿತ್ತು. ನಾಲ್ಕನೆಯದನ್ನು ಯಾಕೆ ಹರಿದೆ ಎನ್ನುವುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಎಚ್ಚರಿಕೆ. ನನ್ನ ನೆನಪನ್ನು ಪೂರ್ತಿ ನಂಬಬೇಡಿ. ದ್ಯಾವಪ್ಪನವರು ಅಂದರೆ ನನ್ನ ಕಣ್ಣ ಮುಂದೆ ಬರುವುದು ಖಾಕಿ ಚಡ್ಡಿ, ಮೊಣಕಾಲವರೆಗೆ ಎಳೆದ ಕಾಲುಚೀಲ, ಕೊರಳಲ್ಲಿ ಪೀಪಿ. ಅವರು ತೀರಿಕೊಂಡ ಮೇಲೆ ಅವರ ಸೊಸೆ ಶಿಬಿರದ ಐದಾರು ಫೋಟೋ ತೋರಿಸಿದರು. ಎಲ್ಲದರಲ್ಲೂ ಮೇಷ್ಟ್ರು ಮಾಸಿದ ಪಂಚೆ ಎತ್ತಿ ಕಟ್ಟಿದ್ದಾರೆ. ಖಾಕಿ ಚಡ್ಡಿ ಹಾಕಿ, ಪೀಪಿ ನೇತುಹಾಕಿಕೊಂಡು ಅವರ ಪಕ್ಕದಲ್ಲಿ ನಿಂತಿರುವ ಕಡ್ಡಿಯಂಥ ಯುವಕ ನಾನು. ಮೂವತ್ತು ವರ್ಷ ನನ್ನ ಬಟ್ಟೆಯನ್ನು ಅವರಿಗೆ ತೊಡಿಸಿಕೊಂಡೇ ನೆನೆಯುತ್ತಿದ್ದೆ. ಬಟ್ಟೆಯ ವಿಷಯದಲ್ಲಿ ಹೀಗಾದರೆ ಮಾತಿನ ವಿಷಯದಲ್ಲಿ ಏನಾಗಿರಬಹುದು?

ಐವತ್ತರ ದಶಕದ ಕೊನೆಯಲ್ಲಿ ನಾನು ಬಿ.ಎಸ್ಸಿ. ಮುಗಿಸಿ ಶಿಡ್ಲಘಟ್ಟದ ಒಂದು ಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದೆ. ದ್ಯಾವಪ್ಪನವರು ಅಲ್ಲಿ ಡ್ರಿಲ್ ಮೇಷ್ಟ್ರು. ನನಗಿಂತ ಹದಿನೈದು ವರ್ಷ ದೊಡ್ಡವರು. ಪಕ್ಕದ ಹಳ್ಳಿಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆತನ. ಪ್ರತಿ ಬೇಸಿಗೆ ರಜೆಯಲ್ಲಿ ಹದಿನೈದು ದಿನ ಕೈವಾರದ ಹತ್ತಿರದ ಒಂದು ಮಾವಿನ ತೋಪಿನಲ್ಲಿ ಅವರು ಮಕ್ಕಳ ಶಿಬಿರ ನಡೆಸುತ್ತಿದ್ದರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ನಾಲ್ಕು ಕಡೆಯಿಂದಲೂ ಹತ್ತರಿಂದ ಹದಿಮೂರು ವರ್ಷದ ಹುಡುಗರು ಬರುತ್ತಿದ್ದರು. ಬೆಳಗ್ಗೆ ಪಕ್ಕದ ಕೆರೆಕುಂಟೆಯ ಹೂಳು ತೆಗೆಯುವುದು, ಮಧ್ಯಾಹ್ನ ಮರದಡಿ ಪಾಠ, ಸಂಜೆ ಆಟ. ತೋಪಿನ ಅಂಚಿಗೆ ಎರಡು ಕೋಣೆಯ ಹೆಂಚಿನ ಕಟ್ಟಡ. ಅಡುಗೆಗೆ ನಂಜಮ್ಮ ಎಂಬ ಹೆಂಗಸು. ಸಹಾಯಕನಾಗಿ ನನ್ನನ್ನು ಹಾಕಿದರು.

ಮೊದಲ ವರ್ಷ ನಾನು ವೇಳಾಪಟ್ಟಿ ತಯಾರಿಸಿಕೊಂಡು ಹೋದೆ. ಗೆರೆ ಎಳೆದು, ಎರಡು ಬಣ್ಣದ ಶಾಯಿಯಲ್ಲಿ. ಮೇಷ್ಟ್ರು ಅದನ್ನು ದೂರ ಹಿಡಿದು ಗಟ್ಟಿಯಾಗಿ ಓದಿದರು.

"ಆರರಿಂದ ಆರೂಕಾಲು, ಶೌಚ." ನನ್ನ ಕಡೆ ನೋಡಿದರು. "ಅಲ್ಲಪ್ಪಾ ಬಿ.ಎಸ್ಸಿ., ಕಾಲು ಗಂಟೇಲಿ ಆಗ್ಲಿಲ್ಲ ಅಂದ್ರೆ ಏನ್ ಮಾಡ್ತೀಯ? ಪೊದೆ ಹತ್ರ ಹೋಗಿ ಪೀಪಿ ಊದ್ತೀಯಾ?"

ನಂಜಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಹೋದಳು. ಅಂದಿನಿಂದ ನನ್ನ ಹೆಸರು ಬಿ.ಎಸ್ಸಿ. ಎಂದೇ ಆಯಿತು. ಮಕ್ಕಳು ಕೂಡ ಹಿಂದಿನಿಂದ ಹಾಗೇ ಕರೆಯುತ್ತಿದ್ದರು. ವೇಳಾಪಟ್ಟಿಯನ್ನು ಮೇಷ್ಟ್ರು ಎಸೆಯಲಿಲ್ಲ. ಗೋಡೆಗೆ ಅಂಟಿಸಿದರು. ಯಾರೂ ಅದರಂತೆ ನಡೆಯಲಿಲ್ಲ.

ಎರಡನೆಯ ವರ್ಷ ನಾನು ಮಾಡಿದ ತಪ್ಪು ದೊಡ್ಡದು. ಶಿಬಿರದ ಎರಡನೆಯ ದಿನ ಮಕ್ಕಳಿಂದ ಮನೆಗೆ ಕಾರ್ಡು ಬರೆಸುವುದು ವಾಡಿಕೆ. ಆದರೆ ಮೇಷ್ಟ್ರು ಆ ಕಾರ್ಡುಗಳನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟು ಐದನೆಯ ದಿನ ಅಂಚೆಗೆ ಹಾಕುತ್ತಿದ್ದರು. ಇದು ನನಗೆ ಸರಿಬರಲಿಲ್ಲ. ಮಕ್ಕಳ ಕಾಗದ ತಡೆಹಿಡಿಯಲು ನಿಮಗೇನು ಹಕ್ಕು ಎಂದು ಕೇಳಿದೆ.

"ಇವತ್ತು ಬರ್ದಿರೋದು ಇವತ್ತಿನ ಅಳು ಕಣಪ್ಪಾ. ಅದು ಊರಿಗೆ ಹೋಗಿ ಸೇರೋ ಹೊತ್ಗೆ ಇವ್ನು ಇಲ್ಲಿ ಮರದ ಮೇಲಿರ್ತಾನೆ. ಅವರವ್ವ ಮಾತ್ರ ಅಲ್ಲಿ ಊಟ ಬಿಟ್ಟು ಕೂತಿರ್ತಾಳೆ."

ನಾನು ಅವರಿಗೆ ತಿಳಿಯದ ಹಾಗೆ ಡಬ್ಬ ತೆಗೆದು ಎಲ್ಲ ಕಾರ್ಡುಗಳನ್ನೂ ಅಂಚೆಗೆ ಹಾಕಿಬಂದೆ. ಮೂರು ದಿನ ಬಿಟ್ಟು ಗೌರಿಬಿದನೂರಿನ ಕಡೆಯ ಒಬ್ಬ ಹುಡುಗನ ಅಜ್ಜಿ ಗಂಟು ಹೊತ್ತು, "ನಾ ಬಂಗಾರು ಎಕ್ಕಡ? ನಾ ಬಂಗಾರು ಎಕ್ಕಡ?" ನನ್ನ ಬಂಗಾರ ಎಲ್ಲಿ, ಎಂದು ತೆಲುಗಿನಲ್ಲಿ ಅಳುತ್ತಾ ತೋಪಿಗೆ ನುಗ್ಗಿದಳು. ಅವಳ ಬಂಗಾರು ಮಾವಿನ ಕೊಂಬೆಯ ಮೇಲಿಂದ ಕೆಳಗೆ ನೋಡಿ, "ಅವ್ವಾ, ನುವ್ವೆಂದುಕು ವಚ್ಚಿನಾವು?" ಅಂದ. ನೀನ್ಯಾಕೆ ಬಂದೆ ಎಂದು! ಮುದುಕಿ ನಾಚಿಕೆಯಾಗಿ ಇನ್ನಷ್ಟು ಅತ್ತಳು. ಮೇಷ್ಟ್ರು ಅವಳನ್ನು ಕೂರಿಸಿ ಮುದ್ದೆ, ಹುರುಳಿ ಸಾರು ಹಾಕಿಸಿದರು. ಅವಳು ಎರಡು ದಿನ ಇದ್ದು, ನಂಜಮ್ಮನ ಸಾರಿಗೆ ಹುಳಿ ಜಾಸ್ತಿ ಎಂದು ಜಗಳವಾಡಿ ಹೋದಳು.

ಕಾರ್ಡು ಹಾಕಿದವರು ಯಾರು ಎಂದು ಮೇಷ್ಟ್ರು ಕೇಳಲಿಲ್ಲ. ಅವಳ ಬಸ್ಸು ಹೋದ ಮೇಲೆ, "ಬರೋ ವರ್ಷ ಡಬ್ಬಕ್ಕೆ ಬೀಗ ಹಾಕಣ" ಅಂದರು, ಅಷ್ಟೇ. ಕಾಗದ ತಡೆಹಿಡಿಯುವುದು ತಪ್ಪು ಎಂದೇ ನಾನು ಈಗಲೂ ಹೇಳುತ್ತೇನೆ. ನೀವು ಹಾಗೆ ಮಾಡಬೇಡಿ. ಆದರೆ ನನ್ನ ತಪ್ಪನ್ನು ಅವರು ಯಾರ ಮುಂದೆಯೂ ಎತ್ತಲಿಲ್ಲ ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಮಳೆಗಾಲದಲ್ಲಿ ಒಂದು ಭಾನುವಾರ ಅವರು ನನ್ನನ್ನು ಊರಿಗೆ ಕರೆದುಕೊಂಡು ಹೋದರು. ಹುಳು ಸಾಕುವ ಮನೆಯೊಳಗೆ ಕಾಲಿಡುವ ಮುಂಚೆ ಕಾಲು ತೊಳೆಸಿದರು. ತಟ್ಟೆಗಳ ತುಂಬ ಹುಳು, ಸೊಪ್ಪು ತಿನ್ನುವ ಸದ್ದು ಹನಿ ಮಳೆಯ ಹಾಗೆ. ಒಂದು ತಟ್ಟೆಯಲ್ಲಿ ಮಾತ್ರ ಸದ್ದಿಲ್ಲ. ಹುಳುಗಳು ಸೊಪ್ಪು ಮುಟ್ಟದೆ, ಮೈಯ ಮುಂಭಾಗ ಎತ್ತಿಕೊಂಡು ಅಲ್ಲಾಡದೆ ನಿಂತಿದ್ದವು.

"ಕಾಯಿಲೆಯಾ?" ಎಂದು ಬೆರಳು ಚಾಚಿದೆ.

"ಮುಟ್ಬೇಡ!" ಮಣಿಕಟ್ಟು ಹಿಡಿದುಬಿಟ್ಟರು. "ಪೊರೆ ಬಿಡೋಕೆ ಕೂತವೆ. ಈಗ ಮುಟ್ಟಿದ್ರೆ ಕೆಟ್ಟೋಗ್ತವೆ. ಒಂದಿನ ಬಿಟ್ರೆ ತಾವೇ ಹೊಸ ಚರ್ಮದಲ್ಲಿ ಎದ್ದು ಮೇವು ಕೇಳ್ತವೆ." ಆಮೇಲೆ ಅದೇ ತಟ್ಟೆಯ ಮೂಲೆಯಿಂದ ಒಂದು ಹುಳುವನ್ನು ಕಡ್ಡಿಯಿಂದ ಎತ್ತಿ ಹೊರಗೆ ಹಾಕಿದರು. "ಇದು ಬೇರೆ, ಇದಕ್ಕೆ ಕಾಯಿಲೆ. ತಲೆ ಕೆಳಗೆ ಹಾಕೈತೆ ನೋಡು."

ಮನೆಗೆ ಬಂದು ಇದನ್ನೆಲ್ಲ ಕೀಟಗಳ ಬೆಳವಣಿಗೆ ಎಂಬ ತಲೆಬರಹದ ಕೆಳಗೆ ಟಿಪ್ಪಣಿ ಮಾಡಿಕೊಂಡೆ.

ಮೇಷ್ಟ್ರ ಶಿಬಿರದ ಗುಟ್ಟು ಈ ತಟ್ಟೆಯಲ್ಲಿತ್ತು. ಪ್ರತಿ ಶಿಬಿರದಲ್ಲೂ ಮೂರನೆಯ ದಿನವೋ ನಾಲ್ಕನೆಯ ದಿನವೋ ಒಬ್ಬಿಬ್ಬರು ಹುಡುಗರು ಮಾತು ಬಿಟ್ಟು ಮೂಲೆ ಹಿಡಿಯುತ್ತಾರೆ. ನಾವೆಲ್ಲ ಓಡಿಹೋಗಿ ಬೆನ್ನು ಸವರಿ, ಬೆಲ್ಲ ಕೊಟ್ಟು, ಹಾಡು ಹೇಳಿಸಲು ನೋಡುತ್ತೇವೆ. ಮೇಷ್ಟ್ರು ಬಿಡುತ್ತಿರಲಿಲ್ಲ. ಮಿಕ್ಕ ವೇಳೆಯಲ್ಲಿ ಹುಡುಗರ ಬೆನ್ನಿಗೆ ಗುದ್ದಿ, ಕಿವಿ ಹಿಂಡಿ, ಹೆಗಲ ಮೇಲೆ ಹತ್ತಿಸಿಕೊಂಡು ಕುಣಿಯುವ ಮನುಷ್ಯ, ಸುಮ್ಮನೆ ಕೂತ ಹುಡುಗನ ಮೈ ಮಾತ್ರ ಮುಟ್ಟುತ್ತಿರಲಿಲ್ಲ. ಅವನ ಎದುರಿಗೆ, ನಾಲ್ಕು ಮೊಳ ದೂರದಲ್ಲಿ, ಹಗ್ಗ ಹೊಸೆಯುವುದೋ ಕಡ್ಲೇಕಾಯಿ ಬಿಡಿಸುವುದೋ ಮಾಡುತ್ತಾ ತಾವೂ ಸುಮ್ಮನೆ ಕೂರುತ್ತಿದ್ದರು. ಯಾರಾದರೂ ಹತ್ತಿರ ಬಂದರೆ, "ಇರ್ಲಿ ಬಿಡಿ, ಕೂತ್ಕೊಳ್ಳಲಿ" ಅನ್ನುತ್ತಿದ್ದರು. ಮರುದಿನ ಹುಡುಗ ತಾನೇ ಎದ್ದು ತಟ್ಟೆ ಹಿಡಿದು ಬರುತ್ತಿದ್ದ. ಅಪರೂಪಕ್ಕೆ ಒಬ್ಬನನ್ನು ನೋಡಿ ಮಾತ್ರ, "ಇವನ್ನ ಎಬ್ಬಿಸಿ" ಎಂದು ನಮಗೆ ಹೇಳುತ್ತಿದ್ದರು.

ಹುಳುವಿಗೂ ಹುಡುಗನಿಗೂ ಏನು ಸಂಬಂಧ ಎಂದು ನಾನು ಲೇವಡಿ ಮಾಡಿದ್ದುಂಟು. ಎರಡು ಬೇಸಿಗೆ ಗುಟ್ಟಾಗಿ ಲೆಕ್ಕವನ್ನೂ ಇಟ್ಟೆ. ನಾವು ಸಮಾಧಾನ ಮಾಡಿ ಎಬ್ಬಿಸಿದ ಹುಡುಗರು ಒಂದು ಕಡೆ, ಹಾಗೇ ಬಿಟ್ಟ ಹುಡುಗರು ಇನ್ನೊಂದು ಕಡೆ. ಹಾಗೇ ಬಿಟ್ಟ ಹುಡುಗರೇ ಬೇಗ ಎದ್ದರು. ನನಗೆ ಮುಖಭಂಗವಾಯಿತು, ಜೊತೆಗೆ ಒಂದು ನಿಯಮ ಸಿಕ್ಕಿದ ಖುಷಿಯೂ ಆಯಿತು. ಯಾರನ್ನು ಬಿಡಬೇಕು, ಯಾರನ್ನು ಎತ್ತಬೇಕು ಎಂದು ಆರಿಸುತ್ತಿದ್ದವರು ಮೇಷ್ಟ್ರು ಎನ್ನುವುದಕ್ಕೆ ನನ್ನ ಲೆಕ್ಕದ ಹಾಳೆಯಲ್ಲಿ ಕಾಲಮ್ಮೇ ಇರಲಿಲ್ಲ.

ಈಗ ಬಶೀರನ ವಿಷಯ. ಅರವತ್ತರ ದಶಕ ಆಗಲೇ ಶುರುವಾಗಿತ್ತು. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಮನೆಯೊಂದರ ಹುಡುಗ, ಹನ್ನೊಂದು ವರ್ಷ, ಬಾಯಿ ಮುಚ್ಚದ ಮಾತುಗಾರ. ತೋಪಿನ ಬೇಲಿ ತುಂಬ ಕಾಡುಹರಳಿನ ಗಿಡ. ಶಿಬಿರದ ಮೊದಲ ದಿನವೇ ಮೇಷ್ಟ್ರು ಅದರ ಕಾಯಿ ಒಡೆದು ತೋರಿಸಿ ಹೇಳುತ್ತಿದ್ದರು: "ಬಾಯಿಗೆ ಕಡ್ಲೇಬೀಜದ ಥರಾನೇ ಇರ್ತದೆ. ತಿಂದ್ರೆ ಒಳಗಿರೋದೆಲ್ಲ ಹೊರಗೆ. ತಿಂದೋನ್ನ ಅವತ್ತೇ ಬಸ್ ಹತ್ತಿಸಿ ಮನೆಗೆ ಅಟ್ತೀನಿ!" ಈ ಬೆದರಿಕೆಯೂ ಒಂದು ತಪ್ಪು ಎಂದು ನನಗೆ ಈಗ ಅನ್ನಿಸುತ್ತದೆ. ವಿಷಕ್ಕಿಂತ ಬಸ್ಸಿಗೆ ಹೆದರುವ ಹುಡುಗರಿರುತ್ತಾರೆ.

ಆರನೆಯ ದಿನ ಮಧ್ಯಾಹ್ನದ ಊಟ ಮುಗಿದಿತ್ತು. ಯಾರೋ ಪಂಥ ಕಟ್ಟಿದರೆಂದು ಬಶೀರ್ ಬೇಲಿಯ ಹಿಂದೆ ನಾಲ್ಕೈದು ಬೀಜ ತಿಂದ. ವಾಂತಿಯಾದಾಗ ಅದಕ್ಕೆ ಮಣ್ಣು ಮುಚ್ಚಿ, ಬಂದು ಒಳಗಿನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತ. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಮೂರು ಗಂಟೆಯ ಹೊತ್ತಿಗೆ ನಂಜಮ್ಮ ಬಂದು, "ಆ ಸಾಬರ ಹುಡುಗ ಗೋಡೆ ಕಡೆ ತಿರುಗಿ ಕೂತೈತೆ. ಕರೆದ್ರೆ ಮಾತಿಲ್ಲ, ಕತೆಯಿಲ್ಲ" ಅಂದಳು.

ಇಲ್ಲಿಂದ ನನ್ನ ನೆನಪು ಹೀಗಿದೆ. ಮೇಷ್ಟ್ರೂ ನಾನೂ ಬಾಗಿಲಲ್ಲಿ ನಿಂತಿದ್ದೇವೆ. ಕೋಣೆ ಅರೆಗತ್ತಲು. ಹುಡುಗನ ಬೆನ್ನು ಕಾಣುತ್ತಿದೆ. ಮೇಷ್ಟ್ರ ದನಿ: "ಇರ್ಲಿ ಬಿಡಿ, ಕೂತ್ಕೊಳ್ಳಲಿ." ನಾವು ಹೊರಟುಬಿಡುತ್ತೇವೆ.

ಐದು ಗಂಟೆಗೆ ನಂಜಮ್ಮ ಕೂಗಿಕೊಂಡಳು. ಹುಡುಗ ತನ್ನ ವಾಂತಿ ಭೇದಿಯಲ್ಲೇ ಬಿದ್ದಿದ್ದ. ಕಣ್ಣು ಒಳಗೆ ಹೋಗಿತ್ತು. ಮೇಷ್ಟ್ರು ಅವನನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿ, ಒಂದು ಲಾರಿಗೆ ಅಡ್ಡ ನಿಂತು ಚಿಂತಾಮಣಿಯ ಆಸ್ಪತ್ರೆಗೆ ಹೋದರು. ಡಾಕ್ಟರು ಉಳಿಸಿದರು. ಇನ್ನೊಂದು ಗಂಟೆ ತಡವಾಗಿದ್ದರೆ ಏನೂ ಮಾಡಲಾಗುತ್ತಿರಲಿಲ್ಲ ಅಂದರಂತೆ.

ವಿಚಾರಣೆಗೆ ಇಲಾಖೆಯ ಒಬ್ಬ ಸಾಹೇಬರು ಬಂದರು. ಮಾವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಕೇಳಿದರು. "ಮಧ್ಯಾಹ್ನವೇ ಮಗು ಹಾಗೆ ಕೂತಿತ್ತಂತೆ. ನೋಡಿಯೂ 'ಬಿಡಿ' ಅಂದವರು ಯಾರು?"

"ನಾನೇ ಸ್ವಾಮಿ" ಅಂದರು ದ್ಯಾವಪ್ಪನವರು.

ಆ ಕ್ಷಣದಲ್ಲಿ ನನ್ನ ಎದೆಯಿಂದ ಏನೋ ಇಳಿದುಹೋದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಕೋಣೆಯ ಬಾಗಿಲು, ದನಿ, ಎಲ್ಲಕ್ಕಿಂತ ಅದೇ ಸ್ಪಷ್ಟ. ಮೂವತ್ತು ವರ್ಷ ನನ್ನನ್ನು ನಿದ್ದೆಗೆಡಿಸಿರುವುದೂ ಅದೇ. ಹೇಳಿದವನು ನಾನಲ್ಲದಿದ್ದರೆ ನನಗೆ ಹಗುರಾಗಲು ಕಾರಣವೇನು? ಆಮೇಲೆ ನಾನೇ ವಾದಿಸುತ್ತೇನೆ: ಸಾಹೇಬರ ಮುಂದೆ ನಿಂತ ಯಾವ ಸಹಾಯಕನಿಗೆ ತಾನೇ ಹಗುರಾಗುವುದಿಲ್ಲ?

ನನಗೆ ಸಿಕ್ಕ ಬಡ್ತಿಗಳ ಬಗ್ಗೆ ಬರೆಯಬಾರದು ಅಂದುಕೊಂಡಿದ್ದೆ. ಒಂದನ್ನು ಬರೆಯಲೇಬೇಕು. ಮರುವರ್ಷ ಶಿಬಿರವನ್ನು ಮೇಷ್ಟ್ರಿಂದ ತೆಗೆದು ನನಗೆ ಕೊಟ್ಟರು. ಹಾಲಿನ ಪುಡಿ ಬಂತು, ಅಚ್ಚು ಹಾಕಿದ ನಮೂನೆಗಳು ಬಂದವು. ಮಕ್ಕಳ ತೂಕಕ್ಕೊಂದು, ನಡತೆಗೊಂದು ಕಾಲಮ್ಮು. ವೇಳಾಪಟ್ಟಿಯಂತೆ ಎಲ್ಲವೂ ನಡೆಯಿತು, ಶೌಚವೊಂದನ್ನು ಬಿಟ್ಟು. ದ್ಯಾವಪ್ಪನವರಿಗೆ ಇನ್ನೂ ಹನ್ನೆರಡು ವರ್ಷ ಸರ್ವೀಸಿತ್ತು. ಮತ್ತೆ ಒಂದು ಶಿಬಿರವನ್ನೂ ಅವರ ಕೈಗೆ ಕೊಡಲಿಲ್ಲ. ಬೇಸಿಗೆ ರಜೆಯಲ್ಲಿ ಬೀಗ ಹಾಕಿದ ಶಾಲೆಯ ಜಗಲಿಯಲ್ಲಿ ಅವರು ಸುಮ್ಮನೆ ಹಗ್ಗ ಹೊಸೆಯುತ್ತಾ ಕೂತಿರುವುದನ್ನು ನಾನೇ ಎರಡು ಸಲ ಕಂಡೆ.

ಶಿಬಿರದ ಮೊದಲ ದಿನಕ್ಕಾದರೂ ಬನ್ನಿ ಎಂದು ಕರೆಯಲು ಹೋದಾಗ ಅವರು ಹೊಸೆಯುತ್ತಿದ್ದ ಹಗ್ಗ ಕೆಳಗಿಟ್ಟರು. ಆಮೇಲೆ ನಕ್ಕು, "ಡಬ್ಬಕ್ಕೆ ಬೀಗ ಹಾಕಿದ್ಯೇನಪ್ಪಾ ಬಿ.ಎಸ್ಸಿ.?" ಎಂದರು. ಬರಲಿಲ್ಲ. ನಾನೂ ಅದಕ್ಕಿಂತ ಮುಂದೆ ಕೇಳಲಿಲ್ಲ. ಕೇಳಬಹುದಾಗಿದ್ದ ವರ್ಷಗಳು ಬೇಕಾದಷ್ಟಿದ್ದವು.

ಈ ವರ್ಷ ಅವರು ತೀರಿಕೊಂಡರು. ಶಿಡ್ಲಘಟ್ಟದಲ್ಲಿ ಸಂತಾಪ ಸಭೆಯಾಯಿತು. ತಲೆ ನರೆತ ಗಂಡಸರು ಎದ್ದು ನಿಂತು ಹುಡುಗರ ಹಾಗೆ ಮೂಗು ಒರೆಸಿಕೊಂಡರು. ಕೊನೆಗೆ ಎದ್ದವನು ಬಶೀರ್. ಈಗ ನೂಲು ತೆಗೆಯುವ ಅವನದೇ ರೀಲಿಂಗ್ ಮನೆ ಇದೆ, ಗಡ್ಡ ಅರ್ಧ ಬೆಳ್ಳಗಾಗಿದೆ. "ನಾನು ಸಾಯ್ತಾ ಕೂತಿದ್ದಾಗ ಮೇಷ್ಟ್ರ ಕೈ ನನ್ನ ತಲೆ ಮೇಲಿತ್ತು. ಇವತ್ತಿಗೂ ಇದೆ" ಅಂದು ಕೂತುಬಿಟ್ಟ.

ಸಭೆ ಚಪ್ಪಾಳೆ ತಟ್ಟಿತು. ನನ್ನ ಕೈ ಮೇಲೇಳಲಿಲ್ಲ.

ಆ ವಾರ ನಾಲ್ಕನೆಯ ಸಲ ಬರೆದೆ. ವಿಚಾರಣೆಯ ಕಡತದಲ್ಲಿ ಇರುವ ಹಾಗೆ, ಮೇಷ್ಟ್ರು 'ಬಿಡಿ' ಅಂದರು, ಅದೊಂದು ತಪ್ಪಾಯಿತು, ದೊಡ್ಡವರೂ ತಪ್ಪುತ್ತಾರೆ ಎಂದು. ಬರೆದು, ಓದಿ, ತಡೆಯಲಾರದೆ ಬಸ್ ಹತ್ತಿ ಬಶೀರನ ರೀಲಿಂಗ್ ಮನೆಗೆ ಹೋದೆ.

ಬಿಸಿನೀರಿನ ಬಾಣಲೆಗಳಲ್ಲಿ ರೇಷ್ಮೆಗೂಡುಗಳು ಕುಣಿಯುತ್ತಿದ್ದವು. ಬೆಂದ ಹುಳುವಿನ ವಾಸನೆ. ಬಶೀರ್ ಒಂದು ಸ್ಟೂಲು ಒರೆಸಿ ಹಾಕಿದ. "ಕೂತ್ಕೊಳ್ಳಿ ಸಾರ್. ಈ ವಾಸನೆ ನಿಮಗಾಗಲ್ಲ, ಟೀ ತರಿಸ್ತೀನಿ."

"ಅವತ್ತು ಮಧ್ಯಾಹ್ನ ಏನಾಯ್ತು, ನಿನಗೆ ನೆನಪಿರೋಷ್ಟು ಹೇಳಪ್ಪ" ಅಂದೆ.

"ನಮ್ಮ ಅಬ್ಬಾ ನಾನು ಮೂರು ವರ್ಷದೋನಿದ್ದಾಗ್ಲೇ ಹೋದ್ರಲ್ಲ ಸಾರ್. ಗಂಡಸರ ಕೈ ತಲೆ ಮೇಲೆ ಬಂದಿದ್ದು ನನಗೆ ಅದೊಂದೇ ನೆನಪು. ಹೊಟ್ಟೇಲಿ ಬೆಂಕಿ. ಹೇಳಿದ್ರೆ ಬಸ್ ಹತ್ತಿಸ್ತಾರೆ. ಸಾಯ್ತೀನಿ ಅಂತ ಕೂತಿದ್ದೆ. ಹಿಂದಿಂದ ಬಂದು ಕೈ ಇಟ್ರು. 'ಇರ್ಲಿ ಬಿಡಿ, ಕೂತ್ಕೊಳ್ಳಲಿ' ಅಂದ್ರು. ಆ ಕೈಯಿಂದಾನೇ ಉಳಿದೆ ಸಾರ್ ನಾನು."

"ಮುಖ ನೋಡಿದೆಯಾ?"

"ಎಲ್ಲಿ ನೋಡ್ಲಿ? ಗೋಡೆ ಕಡೆ ಇದ್ನಲ್ಲ."

"ಕೈ ಇಟ್ಟವರೂ, ಮಾತಾಡಿದವರೂ ಒಬ್ಬರೇನಾ?"

"ಒಬ್ಬರೇ ಸಾರ್. ಕೈ ಇರೋವಾಗ್ಲೇ ಮಾತು ಬಂತು."

"ಎಲ್ಲಿ ಇಟ್ಟರು?"

ಅವನು ನಗುತ್ತಾ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ, ಕತ್ತಿನ ಮೇಲ್ಗಡೆ, ಹಿಂದಲೆಯ ಮೇಲೆ ಇಟ್ಟು ತೋರಿಸಿದ.

ನಾನು ಟೀ ಲೋಟ ಕೆಳಗಿಟ್ಟೆ. "ಬಶೀರ್, ದ್ಯಾವಪ್ಪನವರು ಸುಮ್ಮನೆ ಕೂತ ಹುಡುಗರನ್ನ ಯಾವತ್ತೂ ಮುಟ್ತಿರ್ಲಿಲ್ಲ. ಒಬ್ಬನನ್ನೂ ಮುಟ್ಟಿದ್ದು ನಾನು ನೋಡಿಲ್ಲ. ಆ ಕೈ ನಂದು."

ರಾಟೆ ತಿರುಗುತ್ತಲೇ ಇತ್ತು. ಒಂದು ಎಳೆ ಕಡಿಯಿತು. ಬಶೀರ್ ಬಗ್ಗಿ, ಅದನ್ನು ಇನ್ನೊಂದು ಎಳೆಗೆ ಹೊಂದಿಸಿ ಎದ್ದ.

"ಗ್ಯಾರಂಟೀನಾ ಸಾರ್?"

"ಇಲ್ಲ. ನನಗೆ ಬಾಗಿಲಲ್ಲಿ ನಿಂತಿದ್ದೇ ನೆನಪು. ಒಳಗೆ ಬಂದದ್ದು ನೆನಪಿಲ್ಲ. ಆದರೆ ನೀನು ಹೇಳಿದ್ದು ನಿಜವಾದರೆ ಅದು ಅವರಾಗಿರೋಕೆ ಸಾಧ್ಯವಿಲ್ಲ."

"ನಿಮಗೇ ಗ್ಯಾರಂಟಿ ಇಲ್ಲ. ಅಂಥ ಕೈನ ನಾನ್ಯಾಕೆ ಸಾರ್ ಬದಲಾಯಿಸ್ಕೊಳ್ಳಲಿ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಅವರದ್ದೇ ಅಂತ ಇಟ್ಕೊತೀನಿ. ನೀವು ಏನ್ ಬೇಕಾದ್ರೂ ಬರ್ಕೊಳ್ಳಿ."

ಅವನ ಮಾತು ಸರಿ. ಮೂವತ್ತು ವರ್ಷ ಹಿಂದಿನ ಹನ್ನೊಂದು ವರ್ಷದ ಹುಡುಗ, ಅದೂ ವಿಷ ಏರಿದವನು, ಸಾಕ್ಷಿಯಾಗಿ ನಿಲ್ಲುವುದಿಲ್ಲ. ಬೇರೆ ಯಾರಾದರೂ ಇಂಥ ಸಾಕ್ಷ್ಯ ತಂದಿದ್ದರೆ ನಾನೇ ತಳ್ಳಿಹಾಕುತ್ತಿದ್ದೆ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ತಳ್ಳಿಹಾಕಲು ನೋಡಿದೆ. ಅವನು ಕೈ ಇಟ್ಟು ತೋರಿಸಿದ ಜಾಗ ಮಾತ್ರ ಬಿಡಲಿಲ್ಲ.

ಎಳೆಯ ಮೇಷ್ಟ್ರುಗಳೇ, ಶಿಬಿರಕ್ಕೆ ಹೋಗುವ ಮುಂಚೆ ಇದೊಂದನ್ನು ಕಲಿತುಕೊಳ್ಳಿ. ಮಗು ಸುಮ್ಮನೆ ಕೂತರೆ ಗಾಬರಿಬಿದ್ದು ಸವರಬೇಡಿ. ಹಿಂದಿನಿಂದ ಹೋಗಬೇಡಿ. ಎದುರಿಗೆ ಹೋಗಿ, ದೂರದಲ್ಲಿ ಕೂತು, ತಲೆ ನೋಡಿ. ತಲೆ ಎತ್ತಿದ್ದರೆ ಬಿಟ್ಟುಬಿಡಿ, ಹೊಸ ಚರ್ಮದಲ್ಲಿ ಏಳುತ್ತದೆ. ತಲೆ ಕೆಳಗೆ ಹಾಕಿದ್ದರೆ ಆ ಗಳಿಗೆಯಲ್ಲೇ ಎತ್ತಿಕೊಳ್ಳಿ. ದ್ಯಾವಪ್ಪನವರು ಅಷ್ಟು ವರ್ಷ ಹುಡುಗರ ಎದುರಿಗೇ ಹಗ್ಗ ಹಿಡಿದು ಕೂರುತ್ತಿದ್ದದ್ದು ಇದಕ್ಕೆ. ನಾನು ಅವರ ಮಾತನ್ನು ಕಲಿತಿದ್ದೆ, ಅವರು ಎಲ್ಲಿ ಕೂರುತ್ತಿದ್ದರು ಎನ್ನುವುದನ್ನು ಕಲಿತಿರಲಿಲ್ಲ.

ನೆಟ್ಟಗೆ ಕೂತ ಹುಡುಗನ ಮೇಲೆ ನಿಂತವನೊಬ್ಬ ಕೈ ಇಟ್ಟರೆ ಅದಕ್ಕೆ ಸಿಗುವುದು ನೆತ್ತಿ. ಹಿಂದಲೆ ಸಿಗಬೇಕಾದರೆ ತಲೆ ಮೊಣಕಾಲವರೆಗೆ ಬಗ್ಗಿರಬೇಕು. ಅಂದರೆ ಆ ಗುರುತು ನನ್ನ ಅಂಗೈಯ ಕೆಳಗೇ ಇತ್ತು, ನಾನು ಆ ತಲೆಯನ್ನು ಇನ್ನಷ್ಟು ಬಗ್ಗಿಸಿ ಹೊರಗೆ ಬಂದೆ.